ಕಾರ್ಟಿಗೆ ಹಾಕಿದ ಮೇಲೆ, ಕಾಸು ಕಟ್ಟುವ ಮುನ್ನ: ಇಂಪೋರ್ಟ್ ಆಲ್ಬಂ ಕೊಳ್ಳುವ ಅಭಿಮಾನಿಗೆ 15 ಸೂತ್ರಗಳು

ಮೆಚ್ಚಿನ ಗಾಯಕಿಯ ಹೊಸ ಆಲ್ಬಂ ಶುಕ್ರವಾರ ಬಿಡುಗಡೆಯಾಯಿತು. ಅವತ್ತೇ ಫೋನಿನಲ್ಲಿ ಕೇಳಿಯೂ ಆಯಿತು. 2015ರ ಜುಲೈ 10ರಿಂದ ಜಗತ್ತಿನ ಬಹುಪಾಲು ಕಡೆ ಹೊಸ ಆಲ್ಬಂಗಳಿಗೆ ಶುಕ್ರವಾರವೇ ಮುಹೂರ್ತ. ಅದಕ್ಕೂ ಹಿಂದೆ ಬ್ರಿಟನ್ನಿನಲ್ಲಿ ಸೋಮವಾರ, ಅಮೆರಿಕದಲ್ಲಿ ಮಂಗಳವಾರ ಎಂಬ ಲೆಕ್ಕವಿತ್ತು. ಇಂಪೋರ್ಟ್ ಪ್ರತಿ ತರಿಸಿಕೊಂಡವರಿಗೆ ಊರಿಗೆಲ್ಲ ಮೊದಲು ಕೇಳಿದ ಹೆಮ್ಮೆಯಾದರೂ ಸಿಗುತ್ತಿತ್ತು. ಈಗ ಆ ಹೆಮ್ಮೆಗೂ ಜಾಗವಿಲ್ಲ.

ಆದರೂ ಕೈ ಸುಮ್ಮನಿರುವುದಿಲ್ಲ. ಜಪಾನಿನ ಆವೃತ್ತಿಯಲ್ಲಿ ಒಂದು ಹಾಡು ಹೆಚ್ಚಿದೆಯಂತೆ, ಕೊರಿಯಾದ ಡಬ್ಬಿಯಲ್ಲಿ ಫೋಟೋಕಾರ್ಡ್ ಇದೆಯಂತೆ, ಯುರೋಪಿನ ಎಲ್‌ಪಿ ನೀಲಿ ಬಣ್ಣದ್ದಂತೆ. ಕಾರ್ಟಿಗೆ ಹಾಕುವುದು ಅರೆಕ್ಷಣದ ಕೆಲಸ. ಕಾಸು ಕಟ್ಟುವುದು ಸರಿಯೋ ತಪ್ಪೋ ಎಂದು ತೀರ್ಮಾನಿಸಲು ಈ ಹದಿನೈದು ಸೂತ್ರಗಳು.

1. ಏಕೆ ಬೇಕು ಎಂಬುದನ್ನು ಒಂದೇ ಸಾಲಿನಲ್ಲಿ ಬರೆಯಿರಿ

ಆಲ್ಬಂ ಕೊಳ್ಳಲು ಇರುವುದು ಮೂರೇ ಕಾರಣ. ಹಾಡು ಬೇಕು, ವಸ್ತು ಬೇಕು, ಇಲ್ಲವೇ ಹಾಡಿದವರ ಕೈಗೆ ನಮ್ಮ ದುಡ್ಡು ಸೇರಬೇಕು. ಮೂರಕ್ಕೂ ದಾರಿ ಬೇರೆ, ಬೆಲೆ ಬೇರೆ. ಒಂದಕ್ಕೆ ಕೊಡಬೇಕಾದ ದುಡ್ಡನ್ನು ಇನ್ನೊಂದಕ್ಕೆ ಕೊಟ್ಟಾಗಲೇ ಮನಸ್ಸು ಕಹಿಯಾಗುವುದು.

ಇಂಗ್ಲೆಂಡಿನ ರೇಡಿಯೋಹೆಡ್ ತಂಡ 2007ರಲ್ಲಿ ಈ ಕಾರಣಗಳನ್ನು ಬಿಡಿಬಿಡಿಯಾಗಿ ಮಾರಿ ತೋರಿಸಿತು. ಅಕ್ಟೋಬರ್ 10ರಂದು ‘ಇನ್ ರೇನ್‌ಬೋಸ್’ ಆಲ್ಬಂ ತಂಡದ ಸ್ವಂತ ತಾಣದಲ್ಲಿ ಡೌನ್‌ಲೋಡಿಗೆ ಬಂತು. ಬೆಲೆ ಕೇಳುಗರು ಇಷ್ಟಪಟ್ಟಷ್ಟು. ವಸ್ತುವೇ ಬೇಕೆನ್ನುವವರಿಗೆ ಎಲ್‌ಪಿ, ಸಿಡಿ, ಹೆಚ್ಚುವರಿ ಹಾಡುಗಳ ಇನ್ನೊಂದು ಸಿಡಿ, ಚಿತ್ರಗಳ ಪುಸ್ತಕ ಎಲ್ಲ ಸೇರಿದ 40 ಪೌಂಡಿನ ಪೆಟ್ಟಿಗೆ. ಎರಡೂ ಬೇಡ, ಮಾಮೂಲಿ ಸಿಡಿ ಸಾಕು ಎಂದವರಿಗೆ ಹೊಸ ವರ್ಷದ ಹೊತ್ತಿಗೆ ಅದೂ ಅಂಗಡಿಗೆ ಬಂತು. ನೀವು ಯಾವ ಸಾಲಿನಲ್ಲಿ ನಿಂತವರು ಎಂಬುದು ಮೊದಲು ನಿಮಗೆ ಗೊತ್ತಿರಲಿ.

2. ಹೊಸತರ ಬಿಸಿ ಆರಲಿ

ಬಿಡುಗಡೆಯ ವಾರದಲ್ಲಿ ಎಲ್ಲ ಆಲ್ಬಮ್ಮೂ ಮೇರುಕೃತಿಯೇ. ಮೊದಲಿಂದ ಕೊನೆಯವರೆಗೆ, ಹಾಡು ಹಾರಿಸದೆ, ಬೇರೆ ಬೇರೆ ಹೊತ್ತಿನಲ್ಲಿ ಕೆಲವು ಸಲ ಕೇಳಿ. ಎರಡು ವಾರದ ನಂತರವೂ ನೀವಾಗಿಯೇ ಅದನ್ನೇ ಹುಡುಕಿ ಹಾಕುತ್ತೀರಾ? ಹಾಗಿದ್ದರೆ ಮುಂದಿನ ಸೂತ್ರಕ್ಕೆ ಹೋಗಿ. ಎರಡೇ ಹಾಡು ಹಿಡಿಸಿದ್ದರೆ ಆ ಎರಡನ್ನೇ ಡೌನ್‌ಲೋಡಿನಲ್ಲಿ ಕೊಳ್ಳಿ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಮಾತು ಪ್ರೀಆರ್ಡರ್ ಗುಂಡಿಗೂ ಅನ್ವಯಿಸುತ್ತದೆ.

3. ‘ಬೋನಸ್ ಹಾಡು’ ಎಲ್ಲಿಂದ ಹುಟ್ಟಿತು ತಿಳಿದಿರಲಿ

ಜಪಾನಿನ ಆವೃತ್ತಿಗಳಲ್ಲೇ ಹೆಚ್ಚುವರಿ ಹಾಡು ಇರುವುದೇಕೆ? ಅಲ್ಲಿನ ಅಭಿಮಾನಿಗಳ ಮೇಲೆ ವಿಶೇಷ ಮಮಕಾರ ಇರಬಹುದು, ಆದರೆ ಅಸಲು ಕಾರಣ ವ್ಯಾಪಾರದ್ದು. ಜಪಾನಿನಲ್ಲಿ ಹೊಸ ಸಿಡಿಯ ಬೆಲೆಯನ್ನು ಕಂಪನಿಯೇ ನಿಗದಿ ಮಾಡಬಹುದು. ಅಂಗಡಿಯವರು ಮನಬಂದಂತೆ ಇಳಿಸಿ ಮಾರುವಂತಿಲ್ಲ. ‘ಸೈಹಾನ್’ ಎಂದು ಕರೆಯುವ ಈ ವ್ಯವಸ್ಥೆಯಿಂದಾಗಿ ಅಲ್ಲಿಯೇ ಒತ್ತಿದ ಸಿಡಿ ತುಟ್ಟಿ, ಅಮೆರಿಕದಿಂದಲೋ ಯುರೋಪಿನಿಂದಲೋ ಹಡಗಿನಲ್ಲಿ ಬಂದ ಅದೇ ಆಲ್ಬಂ ಅಗ್ಗ. ಟೋಕಿಯೋದ ಗಿರಾಕಿ ಅಗ್ಗದ್ದನ್ನು ಬಿಟ್ಟು ತುಟ್ಟಿಯದನ್ನು ಏಕೆ ಕೊಳ್ಳಬೇಕು? ಒಂದು ಹಾಡು ಹೆಚ್ಚು ಕೊಟ್ಟರೆ ಕೊಂಡಾನು. ಅಂದರೆ ಆ ಹಾಡು ಹುಟ್ಟಿದ್ದು ಇಂಪೋರ್ಟ್ ಕೊಳ್ಳುವವರನ್ನು ತಡೆಯಲಿಕ್ಕೆ. ಈಗ ಅದನ್ನೇ ನಾವು ಇಂಪೋರ್ಟ್ ಮಾಡಿಕೊಳ್ಳುತ್ತಿದ್ದೇವೆ.

ಆ ಹಾಡು ಅಲ್ಲೇ ಉಳಿಯುವುದೂ ಅಪರೂಪ. ಡೇವಿಡ್ ಬೋವಿಯ ‘ದ ನೆಕ್ಸ್ಟ್ ಡೇ’ 2013ರ ಮಾರ್ಚಿನಲ್ಲಿ ಬಂದಾಗ ‘ಗಾಡ್ ಬ್ಲೆಸ್ ದ ಗರ್ಲ್’ ಎಂಬ ಹಾಡು ಜಪಾನಿನ ಸಿಡಿಯಲ್ಲಿ ಮಾತ್ರ ಇತ್ತು. ಅದೇ ವರ್ಷದ ನವೆಂಬರಿನಲ್ಲಿ ‘ದ ನೆಕ್ಸ್ಟ್ ಡೇ ಎಕ್ಸ್‌ಟ್ರಾ’ ಎಂಬ ವಿಸ್ತೃತ ಆವೃತ್ತಿ ಬಂತು, ಹಾಡು ಎಲ್ಲರಿಗೂ ಸಿಕ್ಕಿತು. ಎಂಟು ತಿಂಗಳು ತಡೆದವರಿಗೆ ಇನ್ನಷ್ಟು ಹಾಡುಗಳೂ ದಕ್ಕಿದವು. ಒಂದು ಹಾಡಿಗಾಗಿಯೇ ತರಿಸುವುದಾದರೆ, ಆ ಒಂದು ಹಾಡಿಗೆ ನೀವು ಕೊಡುತ್ತಿರುವ ಬೆಲೆ ಎಷ್ಟು ಎಂದು ಲೆಕ್ಕ ಹಾಕಿ ನೋಡಿ.

4. ಹಾಡುಗಳ ಪಟ್ಟಿಯನ್ನು ಪಕ್ಕಪಕ್ಕ ಇಟ್ಟು ಓದಿ

ಇಂಪೋರ್ಟ್ ಪ್ರತಿಯೇ ಪೂರ್ತಿ ಆಲ್ಬಂ ಆಗಿರುವ ಸಂದರ್ಭಗಳೂ ಉಂಟು. 1966ರ ‘ರಿವಾಲ್ವರ್’ ಅದಕ್ಕೆ ಒಳ್ಳೆಯ ಸಾಕ್ಷಿ. ಬೀಟಲ್ಸ್ ತಂಡ ಲಂಡನ್ನಿನಲ್ಲಿ ಬಿಟ್ಟ ಆಲ್ಬಮ್ಮಿನಲ್ಲಿ 14 ಹಾಡು. ಅಮೆರಿಕದಲ್ಲಿ ಕ್ಯಾಪಿಟಲ್ ಕಂಪನಿ ಬಿಟ್ಟ ಅದೇ ಹೆಸರಿನ ಆಲ್ಬಮ್ಮಿನಲ್ಲಿ 11. ಉಳಿದ ಮೂರನ್ನು ಕಂಪನಿ ಕೆಲವೇ ವಾರ ಹಿಂದೆ ಇನ್ನೊಂದು ಆಲ್ಬಮ್ಮಿಗೆ ಹಾಕಿ ಮಾರಿಬಿಟ್ಟಿತ್ತು. ಮೂರೂ ಜಾನ್ ಲೆನನ್ ಮುಂದಾಳಾಗಿ ಹಾಡಿದವು. ಹಾಗಾಗಿ ಅಮೆರಿಕದ ಕೇಳುಗನಿಗೆ ಆ ಆಲ್ಬಮ್ಮಿನಲ್ಲಿ ಲೆನನ್ ಅರ್ಧಕ್ಕರ್ಧ ಮಾಯ. ಬ್ರಿಟಿಷ್ ಇಂಪೋರ್ಟ್ ಹುಡುಕಿಕೊಂಡು ಹೋದವರ ಆಸೆಗೆ ಅರ್ಥವಿತ್ತು.

ಇವತ್ತು ಇಷ್ಟು ದೊಡ್ಡ ವ್ಯತ್ಯಾಸ ಕಡಿಮೆ. ಆದರೆ ಡಿಲಕ್ಸ್, ಟೂರ್ ಎಡಿಷನ್, ಅಂಗಡಿಗೊಂದು ಎಕ್ಸ್‌ಕ್ಲೂಸಿವ್ ಎಂದು ಹೆಸರುಗಳು ಬೆಳೆದಿವೆ. ಡಿಸ್ಕಾಗ್ಸ್ ತಾಣದಲ್ಲಿ ಒಂದೊಂದು ಆವೃತ್ತಿಗೂ ಪ್ರತ್ಯೇಕ ಪುಟ ಇರುತ್ತದೆ. ಹಾಡಿನ ಸಂಖ್ಯೆ, ಅವಧಿ, ಬಾರ್‌ಕೋಡ್, ಕ್ಯಾಟಲಾಗ್ ನಂಬರ್ ತಾಳೆ ನೋಡಿ. ಮೂರು ನಿಮಿಷದ ವಾದ್ಯಸಂಗೀತದ ತುಣುಕೊಂದೇ ವ್ಯತ್ಯಾಸ ಎಂದು ಗೊತ್ತಾದರೆ ಉತ್ತರವೂ ಸಿಕ್ಕಂತೆ.

5. ಬೋರ್ಡಿನ ಬೆಲೆ ಬಿಡಿ, ಬಾಗಿಲಿಗೆ ಬಂದಾಗಿನ ಬೆಲೆ ಹಿಡಿಯಿರಿ

ಭಾರತಕ್ಕೆ ತರಿಸುವಾಗ ಬೆಲೆಗೆ ಐದು ಮೆಟ್ಟಿಲು: ಆಲ್ಬಂ, ಸಾಗಣೆ, ಸುಂಕ ಮತ್ತು ಜಿಎಸ್‌ಟಿ, ಕೊರಿಯರ್ ಕಂಪನಿಯ ಕ್ಲಿಯರೆನ್ಸ್ ಶುಲ್ಕ, ಕಾರ್ಡಿನ ಫಾರೆಕ್ಸ್ ಶುಲ್ಕ. ಹೆಚ್ಚಿನವರು ಎಡವುವುದು ಮೂರನೆಯದರಲ್ಲಿ. ಸುಂಕ ಬೀಳುವುದು ಆಲ್ಬಮ್ಮಿನ ಬೆಲೆಯ ಮೇಲಷ್ಟೇ ಅಲ್ಲ. ಸಾಗಣೆ ಮತ್ತು ವಿಮೆಯನ್ನೂ ಕೂಡಿದ ಮೊತ್ತದ ಮೇಲೆ. ಅದರ ಮೇಲೆ ಜಿಎಸ್‌ಟಿ. ದರಗಳು ಬಜೆಟ್ಟಿಗೊಮ್ಮೆ ಬದಲಾಗಬಹುದು, ಆದ್ದರಿಂದ ಹಿಂದಿನ ವರ್ಷ ಗೆಳೆಯ ಕಟ್ಟಿದ್ದನ್ನು ನಂಬಿ ಕೂರಬೇಡಿ.

ಉದಾಹರಣೆಗೆ ಆಲ್ಬಂ 2,500 ರೂಪಾಯಿ, ಸಾಗಣೆ 1,800 ಎಂದಿಟ್ಟುಕೊಳ್ಳಿ. ಅಲ್ಲಿಗೇ 4,300. ಸುಂಕ, ತೆರಿಗೆ ಎಲ್ಲ ಸೇರಿ ಕಾಲುಭಾಗ ಎಂದು ಹಿಡಿದರೂ 1,075. ಕೊರಿಯರಿನವರಿಗೆ 300. ಕಾರ್ಡಿನ ಶುಲ್ಕ ಶೇ 3.5 ಇದ್ದರೆ, ಆ ಶುಲ್ಕದ ಮೇಲಿನ ಜಿಎಸ್‌ಟಿಯೂ ಸೇರಿ ಸುಮಾರು 180. ಒಟ್ಟು 5,850 ದಾಟಿತು. ಮೂರು ಕಾಸಿನ ಕುದುರೆಗೆ ಆರು ಕಾಸಿನ ಹುಲ್ಲು ಎಂದರೆ ಇದೇ. ಇದೇ ಆಲ್ಬಂ ಬೆಂಗಳೂರಿನ ಅಂಗಡಿಯಲ್ಲಿ 4,500ಕ್ಕೆ ಸಿಕ್ಕರೆ ಅದು ತುಟ್ಟಿಯಲ್ಲ, ಅಗ್ಗ.

ಎರಡು ಸಣ್ಣ ಎಚ್ಚರಿಕೆ. ಪಾವತಿಯ ಪುಟ ‘ರೂಪಾಯಿಯಲ್ಲೇ ಕಟ್ಟುತ್ತೀರಾ’ ಎಂದು ಕೇಳಿದರೆ, ವಿನಿಮಯ ದರದಲ್ಲಿ ಅವರ ಕಮಿಷನ್ ಸೇರಿರುತ್ತದೆ. ಸಾಮಾನ್ಯವಾಗಿ ಮಾರುವವರ ದೇಶದ ಹಣದಲ್ಲಿ ಕಟ್ಟುವುದೇ ಲೇಸು. ಇನ್ನೊಂದು, ರಿಸರ್ವ್ ಬ್ಯಾಂಕಿನ 2020ರ ನಿಯಮದ ನಂತರ ಹೊಸ ಕಾರ್ಡುಗಳಲ್ಲಿ ವಿದೇಶಿ ವಹಿವಾಟು ತಾನಾಗಿ ಚಾಲೂ ಇರುವುದಿಲ್ಲ. ಬ್ಯಾಂಕಿನ ಆ್ಯಪ್‌ನಲ್ಲಿ ಆನ್ ಮಾಡಿ, ಮಿತಿ ಹಾಕಿ, ಕೆಲಸ ಮುಗಿದ ಮೇಲೆ ಆಫ್ ಮಾಡಿ.

ಯುರೋಪಿನಲ್ಲಿರುವ ಕನ್ನಡಿಗರಿಗೂ ಈ ಲೆಕ್ಕ ತಪ್ಪಿದ್ದಲ್ಲ. ಐರೋಪ್ಯ ಒಕ್ಕೂಟದಲ್ಲಿ 22 ಯುರೋವರೆಗಿನ ಪಾರ್ಸಲ್ಲಿಗೆ ಇದ್ದ ವ್ಯಾಟ್ ವಿನಾಯಿತಿ 2021ರ ಜುಲೈ 1ಕ್ಕೆ ರದ್ದಾಯಿತು. ಟೋಕಿಯೋದಿಂದ ಬರ್ಲಿನ್ನಿಗೆ ಒಂದೇ ಸಿಡಿ ಹೋದರೂ ತೆರಿಗೆ ಕಟ್ಟಲೇಬೇಕು.

6. ‘ಗಿಫ್ಟ್ ಎಂದು ಬರೆದು ಕಳಿಸಿ’ ಎನ್ನಬೇಡಿ

ಇದು ಹಳೆಯ ಕಾಲದ ಉಪಾಯ. ಹಿಂದೆ 5,000 ರೂಪಾಯಿವರೆಗಿನ ಉಡುಗೊರೆಗೆ ಸುಂಕ ವಿನಾಯಿತಿ ಇತ್ತು. 2019ರ ಡಿಸೆಂಬರಿನಲ್ಲಿ ಸರ್ಕಾರ ಬಾಗಿಲು ಮುಚ್ಚಿತು. ರಾಖಿ ಮತ್ತು ಜೀವರಕ್ಷಕ ಔಷಧಿ ಬಿಟ್ಟು ಬೇರೇನನ್ನೂ ಉಡುಗೊರೆ ಎಂದು ಅಂಚೆ, ಕೊರಿಯರ್ ಮೂಲಕ ಸುಂಕ ಕಟ್ಟದೆ ಬಿಡಿಸಿಕೊಳ್ಳುವಂತಿಲ್ಲ. ಬೆಲೆ ಕಡಿಮೆ ಬರೆಸುವುದಂತೂ ಇನ್ನೂ ಕೆಟ್ಟದ್ದು. ಪಾರ್ಸಲ್ ಕಳೆದುಹೋದರೆ ಪರಿಹಾರ ಸಿಗುವುದು ಬರೆಸಿದ ಬೆಲೆಗೇ. ಬಿಲ್ಲಿನ ಪ್ರತಿ, ಪಾವತಿಯ ದಾಖಲೆ, ಕೆವೈಸಿಗೆ ಗುರುತಿನ ಚೀಟಿ ಸಿದ್ಧವಿರಲಿ. ದಾಖಲೆ ಸರಿಯಿದ್ದ ಪಾರ್ಸಲ್ ಬೇಗ ಬಿಡುಗಡೆಯಾಗುತ್ತದೆ.

7. ದೇಶದ ಹೆಸರಿಗಲ್ಲ, ಮಾಸ್ಟರಿಂಗಿಗೆ ದುಡ್ಡು ಕೊಡಿ

‘ಜಪಾನ್ ಪ್ರೆಸಿಂಗ್ ಅಂದ್ರೆ ಸೌಂಡೇ ಬೇರೆ ಗುರು’ ಎನ್ನುವವರು ಎಲ್ಲ ಸಂಗೀತಪ್ರಿಯರ ಬಳಗದಲ್ಲೂ ಒಬ್ಬರಿರುತ್ತಾರೆ. ಎಲ್‌ಪಿ ವಿಷಯದಲ್ಲಿ ಅವರ ಮಾತಿಗೆ ಹಳೆಯ ಆಧಾರವಿದೆ: ಅಲ್ಲಿನ ಒತ್ತುವಿಕೆ ಅಚ್ಚುಕಟ್ಟು, ಕಸುವಿನ ಪ್ಲಾಸ್ಟಿಕ್, ಹಿನ್ನೆಲೆಯ ಗರಗರ ಸದ್ದು ಕಡಿಮೆ. ಸಿಡಿಯ ವಿಷಯ ಬೇರೆ. ಎಲ್ಲ ದೇಶಕ್ಕೂ ಒಂದೇ ಮಾಸ್ಟರ್, ಅಂದರೆ ಒತ್ತಲು ಸಿದ್ಧಪಡಿಸಿದ ಅಂತಿಮ ಧ್ವನಿಮುದ್ರಿಕೆ, ಹೋಗಿದ್ದರೆ 16 ಬಿಟ್, 44.1 ಕಿಲೋಹರ್ಟ್ಸ್‌ನ ಅದೇ ಅಂಕಿಗಳು ಎಲ್ಲ ತಟ್ಟೆಯಲ್ಲೂ ಇರುತ್ತವೆ. ಜಪಾನಿನ ‘ಎಸ್‌ಎಚ್‌ಎಂ-ಸಿಡಿ’ಯಲ್ಲಿ ಬದಲಾಗಿರುವುದು ಪ್ಲಾಸ್ಟಿಕ್ಕಿನ ಗುಣಮಟ್ಟ, ಅದು ಮಾಮೂಲಿ ಪ್ಲೇಯರಿನಲ್ಲೇ ಓಡುತ್ತದೆ, ಒಳಗಿನ ದತ್ತಾಂಶವೂ ಮಾಮೂಲಿ ಸಿಡಿಯದೇ ಮಾದರಿ.

ಮಾಸ್ಟರಿಂಗ್ ಕೆಟ್ಟರೆ ಮಾತ್ರ ಯಾವ ದೇಶವೂ ಉಳಿಸಲಾರದು. 2008ರಲ್ಲಿ ಬಂದ ಮೆಟಾಲಿಕಾದ ‘ಡೆತ್ ಮ್ಯಾಗ್ನೆಟಿಕ್’ ಸಿಡಿಯ ಸದ್ದನ್ನು ಎಷ್ಟು ಏರಿಸಿ ಒತ್ತಿದ್ದರೆಂದರೆ, ‘ಗಿಟಾರ್ ಹೀರೋ’ ಎಂಬ ವಿಡಿಯೋ ಗೇಮಿನಲ್ಲಿ ಬಂದ ಅದೇ ಹಾಡುಗಳು ಹೆಚ್ಚು ಸ್ವಚ್ಛವಾಗಿವೆ ಎಂದು ಅಭಿಮಾನಿಗಳೇ ಗಲಾಟೆ ಎಬ್ಬಿಸಿದರು. ಬೆಂಗಳೂರಿನ ಅರಮನೆ ಮೈದಾನದಲ್ಲಿ 2011ರ ಅಕ್ಟೋಬರ್ 30ರಂದು ಆ ತಂಡವನ್ನು ಕಣ್ಣಾರೆ ಕಂಡವರಿಗೆ ಡ್ರಮ್ಮಿನ ಪೆಟ್ಟು ಹೇಗಿರಬೇಕೆಂದು ಬೇರೆ ಹೇಳಬೇಕಿಲ್ಲ.

‘ಪೂರ್ತಿ ಅನಲಾಗ್’, ‘180 ಗ್ರಾಂ’, ‘ಆಡಿಯೋಫೈಲ್’ ಎಂಬ ಬಿರುದುಗಳನ್ನೂ ಎರಡು ಸಲ ಓದಿ. ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿಯ ದುಬಾರಿ ಎಲ್‌ಪಿಗಳನ್ನು ಶುದ್ಧ ಅನಲಾಗ್ ಎಂದು ನಂಬಿ ಜನ ಕೊಳ್ಳುತ್ತಿದ್ದರು. ಅವುಗಳಲ್ಲಿ ಎಷ್ಟೋ ನಡುವೆ ಡಿಜಿಟಲ್ ಹಂತ ದಾಟಿ ಬಂದವು ಎಂಬುದು 2022ರಲ್ಲಿ ಹೊರಬಿತ್ತು, ಕೋರ್ಟಿಗೂ ಹೋಗಿ ರಾಜಿಯಾಯಿತು. ತಮಾಷೆಯೆಂದರೆ, ಅವುಗಳ ಧ್ವನಿಯನ್ನು ಹೊಗಳಿದವರು ಅಲ್ಲಿಯವರೆಗೂ ಆ ಹಂತವನ್ನು ಕಿವಿಯಿಂದ ಕಂಡುಹಿಡಿದಿರಲಿಲ್ಲ.

ಇನ್ನು ‘ಬ್ರಿಟನ್ ಇಂಪೋರ್ಟ್’ ಎಂದು ಮಾರುವ ಎಲ್‌ಪಿ ಬ್ರಿಟನ್ನಿನಲ್ಲೇ ಒತ್ತಿದ್ದು ಎಂದೇನಿಲ್ಲ. ಜಗತ್ತಿನ ಅತಿ ದೊಡ್ಡ ಎಲ್‌ಪಿ ಕಾರ್ಖಾನೆ ಜಿಝೆಡ್ ಮೀಡಿಯಾ ಇರುವುದು ಜೆಕ್ ಗಣರಾಜ್ಯದಲ್ಲಿ, ಪ್ರಾಗ್ ನಗರದ ಹತ್ತಿರ. ಹಲವು ದೇಶಗಳ ಲೇಬಲ್ಲುಗಳ ತಟ್ಟೆಗಳನ್ನು ಒತ್ತುವುದು ಅಲ್ಲೇ.

8. ನಿಮ್ಮ ಪ್ಲೇಯರ್ ಅದನ್ನು ಓದುತ್ತದೆಯೇ ನೋಡಿ

ಸಿಡಿಗೆ, ಎಲ್‌ಪಿಗೆ ದೇಶದ ಗಡಿಯಿಲ್ಲ. ಡಿವಿಡಿ, ಬ್ಲೂ-ರೇಗೆ ಇದೆ. ದುಬಾರಿ ಲಿಮಿಟೆಡ್ ಎಡಿಷನ್ನಿನಲ್ಲಿ ಸಂಗೀತ ಕಛೇರಿಯ ಡಿವಿಡಿ ಸೇರಿದ್ದರೆ ಹಿಂಬದಿಯ ಗುರುತು ನೋಡಲೇಬೇಕು. ಡಿವಿಡಿಯಲ್ಲಿ ಅಮೆರಿಕ ವಲಯ 1, ಜಪಾನ್ ಮತ್ತು ಪಶ್ಚಿಮ ಯುರೋಪ್ 2, ಕೊರಿಯಾ 3, ಭಾರತ 5. ಬ್ಲೂ-ರೇಯಲ್ಲಿ ಅಮೆರಿಕ, ಜಪಾನ್, ಕೊರಿಯಾ ‘ಎ’, ಯುರೋಪ್ ‘ಬಿ’, ಭಾರತ ‘ಸಿ’. ‘ಆಲ್’ ಅಥವಾ ಸೊನ್ನೆ ಎಂದಿದ್ದರೆ ಚಿಂತೆಯಿಲ್ಲ. ನಿಮ್ಮ ಪ್ಲೇಯರ್ ಓದದ ತಟ್ಟೆಗೆ ಹೆಚ್ಚುವರಿ ಸಾವಿರ ಕೊಡುವುದು ದಂಡ.

ಮನೆಯಲ್ಲಿ ಪ್ಲೇಯರೇ ಇಲ್ಲವೇ? ಈಗಿನ ಲ್ಯಾಪ್‌ಟಾಪುಗಳಲ್ಲಿ ಸಿಡಿ ಡ್ರೈವ್ ಕಾಣುವುದು ಕಡಿಮೆ. ಯುಎಸ್‌ಬಿ ಡ್ರೈವಿನ ಬೆಲೆಯನ್ನೂ ಐದನೇ ಸೂತ್ರದ ಲೆಕ್ಕಕ್ಕೆ ಸೇರಿಸಿ. ಟರ್ನ್‌ಟೇಬಲ್ ಇಲ್ಲದೆ ಎಲ್‌ಪಿ ಕೊಳ್ಳುವವರೂ ಇದ್ದಾರೆ. ಅವರು ಕೊಳ್ಳುತ್ತಿರುವುದು ಗೋಡೆಗೆ ತೂಗುಹಾಕುವ ಚಿತ್ರ. ತಪ್ಪಿಲ್ಲ, ಅದು ತಿಳಿದು ಕೊಂಡರೆ ಸರಿ.

9. ಆವೃತ್ತಿಗಳ ಬಲೆಗೆ ಮೊದಲೇ ಮಿತಿ ಹಾಕಿ

ಕೊರಿಯಾದ ಪಾಪ್ ಸಂಗೀತದಲ್ಲಿ ಒಂದೇ ಆಲ್ಬಂ ಹಲವು ಮುಖದಲ್ಲಿ ಬರುತ್ತದೆ. ಬಿಟಿಎಸ್ ತಂಡದ ‘ಮ್ಯಾಪ್ ಆಫ್ ದ ಸೋಲ್: 7’ 2020ರ ಫೆಬ್ರುವರಿ 21ರಂದು ಬಂದಾಗ ನಾಲ್ಕು ಆವೃತ್ತಿ. ಹಾಡು ಅವೇ, ಹೊದಿಕೆ ಮತ್ತು ಫೋಟೋಪುಸ್ತಕ ಬೇರೆ. ಒಳಗಿನ ಫೋಟೋಕಾರ್ಡ್ ಯಾರದು ಎಂಬುದು ಡಬ್ಬಿ ಬಿಚ್ಚಿದ ಮೇಲೇ ಗೊತ್ತಾಗುವುದು. ಈ ಚಟ ಕೊರಿಯಾಕ್ಕಷ್ಟೇ ಸೀಮಿತವಲ್ಲ: ಟೇಲರ್ ಸ್ವಿಫ್ಟ್ 2022ರ ‘ಮಿಡ್‌ನೈಟ್ಸ್’ ಆಲ್ಬಮ್ಮಿನ ನಾಲ್ಕು ಎಲ್‌ಪಿಗಳ ಹಿಂಬದಿಯನ್ನು ಜೋಡಿಸಿದರೆ ಗಡಿಯಾರವಾಗುವಂತೆ ಮಾಡಿದರು. ಒಂದು ಕೊಂಡವರ ಗೋಡೆಯಲ್ಲಿ ಕಾಲು ಗಡಿಯಾರ.

ನಿಯಮ ಸರಳ. ಒಂದು ಆಲ್ಬಮ್ಮಿಗೆ ಒಂದೇ ಆವೃತ್ತಿ, ಯಾವುದೆಂದು ಪ್ರಕಟಣೆಯ ದಿನವೇ ತೀರ್ಮಾನ. ಬೇಕಾದ ಸದಸ್ಯನ ಕಾರ್ಡ್ ಬರಲಿಲ್ಲವೆಂದು ಎರಡನೇ ಡಬ್ಬಿ ತರಿಸಬೇಡಿ. ನಿಮ್ಮಂಥ ಇನ್ನೊಬ್ಬ ಅಭಿಮಾನಿಯ ಜೊತೆ ಕಾರ್ಡ್ ಬದಲಾಯಿಸಿಕೊಳ್ಳಿ, ಇಲ್ಲವೇ ಆ ಕಾರ್ಡನ್ನಷ್ಟೇ ಕೊಳ್ಳಿ. ಇನ್ನೊಂದು ಮಾತು: ಕೆಲವು ‘ಆಲ್ಬಂ’ಗಳ ಡಬ್ಬಿಯಲ್ಲಿ ಸಿಡಿಯೇ ಇರುವುದಿಲ್ಲ, ಕ್ಯೂಆರ್ ಕೋಡ್ ಮತ್ತು ಕಾರ್ಡುಗಳಷ್ಟೇ. ವಿವರದಲ್ಲಿ ‘ಸಿಡಿ’ ಎಂಬ ಪದ ಇದೆಯೇ ಎಂದು ಹುಡುಕಿ.

10. ಗ್ರೂಪ್ ಆರ್ಡರ್ ಸೇರುವ ಮುನ್ನ ಅದನ್ನು ನಡೆಸುವವರನ್ನು ವಿಚಾರಿಸಿ

ಹತ್ತಿಪ್ಪತ್ತು ಅಭಿಮಾನಿಗಳು ಒಂದೇ ಪೆಟ್ಟಿಗೆಯಲ್ಲಿ ತರಿಸಿದರೆ ಸಾಗಣೆ ಹಂಚಿಹೋಗುತ್ತದೆ. ಮೈಸೂರು, ಹುಬ್ಬಳ್ಳಿ, ಮಂಗಳೂರಿನ ಕಾಲೇಜು ಹುಡುಗಿಯರಿಗೆ ಕೊರಿಯಾದ ಆಲ್ಬಂ ಕೈಗೆಟುಕುವುದು ಬಹುಮಟ್ಟಿಗೆ ಈ ಗ್ರೂಪ್ ಆರ್ಡರ್ ದಾರಿಯಿಂದಲೇ. ಆದರೆ ಇದು ನಂಬಿಕೆಯ ವ್ಯವಹಾರ. ಕೇಳಲೇಬೇಕಾದ ಪ್ರಶ್ನೆಗಳು ನಾಲ್ಕು: ಹಿಂದಿನ ಆರ್ಡರುಗಳು ತಲುಪಿವೆಯೇ, ಪುರಾವೆ ಏನು? ಎರಡನೇ ಪಾವತಿ, ಅಂದರೆ ಸಾಗಣೆ ಮತ್ತು ಸುಂಕದ ಪಾಲು, ಎಷ್ಟಾಗಬಹುದು? ಪ್ರೀಆರ್ಡರ್ ಉಡುಗೊರೆಗಳನ್ನು ಹೇಗೆ ಹಂಚುತ್ತಾರೆ? ಪೆಟ್ಟಿಗೆ ಕಳೆದರೆ ನಷ್ಟ ಯಾರದು?

ಉತ್ತರ ಬರಹದಲ್ಲಿರಲಿ. ‘ಇವತ್ತು ರಾತ್ರಿಯೊಳಗೆ ಕಟ್ಟಿ’ ಎಂದು ಅವಸರಿಸುವವರಿಂದ ದೂರವಿರಿ. ಮನೆಯಲ್ಲಿ ಹಿರಿಯರ ಯುಪಿಐ ಬಳಸುವವರು ಅವರಿಗೆ ಒಟ್ಟು ಮೊತ್ತ ಹೇಳಿಯೇ ಬಳಸಿ. ಮೊದಲ ಕಂತನ್ನಷ್ಟೇ ಹೇಳಿದರೆ ಎರಡನೆಯದರ ಹೊತ್ತಿಗೆ ಸಂಗೀತ ಬೇರೆ ಕೇಳಬೇಕಾಗುತ್ತದೆ.

ಮೊದಲ ವಾರದ ಮಾರಾಟದ ಲೆಕ್ಕಕ್ಕೆ ನಿಮ್ಮ ಪ್ರತಿ ಸೇರಬೇಕೆಂಬ ಆಸೆಯಿದ್ದರೆ, ತರಿಸುವ ಅಂಗಡಿ ಕೊರಿಯಾದ ಮಾರಾಟಪಟ್ಟಿಗಳಾದ ಹಾಂಟಿಯೋ ಅಥವಾ ಸರ್ಕಲ್ ಚಾರ್ಟಿಗೆ ಲೆಕ್ಕ ಕೊಡುತ್ತದೆಯೇ ಎಂದೂ ಕೇಳಿ. ಕೊಡದಿದ್ದರೆ ಆ ಅವಸರಕ್ಕೂ ಅರ್ಥವಿಲ್ಲ.

11. ಮಾರುವವರ ಹಿನ್ನೆಲೆ, ಡಬ್ಬಿ ಬಿಚ್ಚುವ ವಿಡಿಯೋ

ಅಸಲಿ ಪ್ರತಿಗಿಂತ ತೀರ ಕಡಿಮೆ ಬೆಲೆಯ ‘ಇಂಪೋರ್ಟ್’ ಕಂಡರೆ ಅನುಮಾನವಿರಲಿ. ಕಂಪ್ಯೂಟರಿನಲ್ಲಿ ಬರೆದ ಸಿಡಿ-ಆರ್‌ನ ತಳ ಸಾಮಾನ್ಯವಾಗಿ ನೀಲಿ ಅಥವಾ ಹಸಿರು ಛಾಯೆಯದು. ಕಾರ್ಖಾನೆಯಲ್ಲಿ ಒತ್ತಿದ್ದು ಬೆಳ್ಳಿಬಣ್ಣದ್ದು. ನಕಲಿ ಹೊದಿಕೆಯ ಸಣ್ಣಕ್ಷರಗಳು ಮಸುಕಾಗಿರುತ್ತವೆ. ತಟ್ಟೆಯ ಒಳಸುತ್ತಿನಲ್ಲಿ ಕೊರೆದ ಮ್ಯಾಟ್ರಿಕ್ಸ್ ಸಂಖ್ಯೆಯ ಫೋಟೋ ಕೇಳಿ. ಅಸಲಿ ಮಾರುವವರು ಕಳಿಸುತ್ತಾರೆ, ನಕಲಿಯವರು ಸಿಟ್ಟಾಗುತ್ತಾರೆ.

ಪಾರ್ಸಲ್ ಬಂದಾಗ ವಿಳಾಸದ ಚೀಟಿಯಿಂದ ಶುರುಮಾಡಿ ಕೊನೆಯವರೆಗೆ ತುಂಡರಿಸದ ಒಂದೇ ವಿಡಿಯೋ ತೆಗೆಯಿರಿ. ಅದಿಲ್ಲದೆ ಬಹುತೇಕ ಮಾರಾಟಗಾರರು ದೂರನ್ನೇ ಸ್ವೀಕರಿಸುವುದಿಲ್ಲ. ಸಿಡಿಯ ಪ್ಲಾಸ್ಟಿಕ್ ಡಬ್ಬಿ ಬಿರುಕು ಬಿಟ್ಟಿದ್ದಕ್ಕೆ ಮಾತ್ರ ಜಗಳ ಬೇಡ, ಬದಲಿ ಡಬ್ಬಿ ಊರಲ್ಲೇ ಸಿಗುತ್ತದೆ.

12. ಯಾವುದಕ್ಕೆ ಕಾಯಬೇಕು, ಯಾವುದಕ್ಕೆ ಕಾಯಬಾರದು

ದೊಡ್ಡ ಲೇಬಲ್ಲಿನ ಆಲ್ಬಮ್ಮಿಗೆ ಕಾಯಿರಿ. ‘ಇದೇ ಕೊನೆ’ ಎಂದದ್ದು ಮತ್ತೆ ಬರುತ್ತದೆ. ಬಿಟಿಎಸ್‌ನ ಜೆ-ಹೋಪ್ ತನ್ನ ‘ಜ್ಯಾಕ್ ಇನ್ ದ ಬಾಕ್ಸ್’ ಆಲ್ಬಮ್ಮನ್ನು 2022ರ ಜುಲೈನಲ್ಲಿ ಸಿಡಿಯಿಲ್ಲದ ರೂಪದಲ್ಲಷ್ಟೇ ತಂದರು. 2023ರ ಆಗಸ್ಟಿನಲ್ಲಿ ‘ಹೋಪ್ ಎಡಿಷನ್’ ಹೆಸರಿನಲ್ಲಿ ಸಿಡಿಯೂ ಬಂತು. ನಡುವೆ ಸಿಕ್ಕಿದ್ದಕ್ಕೆಲ್ಲ ಹೆಚ್ಚು ಕೊಟ್ಟವರಿಗಿಂತ ತಡೆದವರೇ ಜಾಣರು.

ಎಲ್‌ಪಿ ತಡವಾದರೆ ಗಾಬರಿಯಾಗಬೇಡಿ. ಒತ್ತುವ ಕಾರ್ಖಾನೆಗಳು ಕಡಿಮೆ, ಸಾಲು ಉದ್ದ. ಮೂಲ ತಟ್ಟೆಗೆ ಬೇಕಾದ ಲ್ಯಾಕರ್ ತಯಾರಿಸುತ್ತಿದ್ದ ಘಟಕಗಳು ಜಗತ್ತಿನಲ್ಲಿ ಎರಡೇ ಇದ್ದವು. ಅವುಗಳಲ್ಲಿ ಕ್ಯಾಲಿಫೋರ್ನಿಯಾದ ಅಪೋಲೋ ಮಾಸ್ಟರ್ಸ್ 2020ರ ಫೆಬ್ರುವರಿಯಲ್ಲಿ ಬೆಂಕಿಗೆ ಆಹುತಿಯಾಯಿತು. ತಡ ಎಂದರೆ ಮೋಸವೇ ಆಗಬೇಕಿಲ್ಲ.

ಕಾಯಬಾರದ್ದೂ ಇದೆ. ಸ್ವಂತ ಖರ್ಚಿನಲ್ಲಿ ಮುನ್ನೂರೋ ಐನೂರೋ ಪ್ರತಿ ಒತ್ತಿಸಿದ ಸಣ್ಣ ತಂಡಗಳ ಆಲ್ಬಂ, 2008ರಿಂದ ನಡೆಯುತ್ತಿರುವ ರೆಕಾರ್ಡ್ ಸ್ಟೋರ್ ಡೇ ದಿನದ ವಿಶೇಷ ಪ್ರತಿಗಳು, ಕಛೇರಿಯ ಮಳಿಗೆಯಲ್ಲಷ್ಟೇ ಮಾರುವ ತಟ್ಟೆಗಳು. ಇವು ಮರುಮುದ್ರಣ ಕಾಣುವುದು ಕಡಿಮೆ. ಬೇಕೆಂದು ಖಾತ್ರಿಯಿದ್ದರೆ ಇವನ್ನು ಮೊದಲ ವಾರದಲ್ಲೇ ತರಿಸಿ.

13. ಕಲಾವಿದರಿಗೆ ಕೊಡಬೇಕೆಂದರೆ ಕಲಾವಿದರಿಗೇ ಕೊಡಿ

ಮೊದಲ ಸೂತ್ರದ ಮೂರನೇ ಕಾರಣಕ್ಕೆ ಇಂಪೋರ್ಟ್ ಪ್ರತಿ ಬಹಳ ಸಲ ಸೋರುವ ಕೊಡ. ನಿಮ್ಮ 5,850ರಲ್ಲಿ ಹಡಗು, ವಿಮಾನ, ಸುಂಕ, ಕಾರ್ಡ್, ಮಧ್ಯವರ್ತಿ ಎಲ್ಲರೂ ಹೀರಿ ಉಳಿದ ಹನಿ ಹಾಡಿದವರಿಗೆ. ಕೈಬದಲಾದ ಹಳೆ ಪ್ರತಿಯಲ್ಲಂತೂ ಅವರಿಗೆ ಬಿಡಿಗಾಸಿಲ್ಲ. ಬೆಂಬಲವೇ ಉದ್ದೇಶವಾದರೆ ಅವರ ಸ್ವಂತ ಮಳಿಗೆ ನೋಡಿ. ಬ್ಯಾಂಡ್‌ಕ್ಯಾಂಪ್ ತಾಣ ಡಿಜಿಟಲ್ ಮಾರಾಟದಲ್ಲಿ ಸಾಮಾನ್ಯವಾಗಿ ಶೇ 15, ವಸ್ತುಗಳಲ್ಲಿ ಶೇ 10 ಮಾತ್ರ ಇಟ್ಟುಕೊಳ್ಳುತ್ತದೆ. 2020ರ ಮಾರ್ಚಿನಲ್ಲಿ ಶುರುವಾದ ‘ಬ್ಯಾಂಡ್‌ಕ್ಯಾಂಪ್ ಫ್ರೈಡೇ’ ದಿನಗಳಲ್ಲಿ ಆ ಪಾಲನ್ನೂ ಬಿಟ್ಟುಕೊಡುತ್ತದೆ. ಡಿಜಿಟಲ್ ಕೊಂಡರೆ ಸಾಗಣೆಯಿಲ್ಲ, ಸುಂಕದ ರಗಳೆಯಿಲ್ಲ, ಗುಣಮಟ್ಟ ಕುಂದದ ಫ್ಲ್ಯಾಕ್ ಕಡತ ಕೂಡಲೇ ಕೈಗೆ.

ಹೆಸರಾಂತ ತಾರೆಗಳ ವಿಷಯದಲ್ಲಿ ಇಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಅವರ ಅಡುಗೆಮನೆ ನಿಮ್ಮ ಒಂದು ಸಿಡಿಯಿಂದ ನಡೆಯುತ್ತಿಲ್ಲ.

14. ಬರುವವರ ಕೈಲಿ ತರಿಸಿ, ಆದರೆ ಹೊರೆ ಹೇರಬೇಡಿ

ಸಿಂಗಪುರದ ಚಿಕ್ಕಪ್ಪನ ಮಗನೋ ಅಮೆರಿಕದ ಫ್ರೀಮಾಂಟಿನ ಅಕ್ಕನೋ ರಜೆಗೆ ಬರುತ್ತಿದ್ದರೆ ಅದಕ್ಕಿಂತ ಅಗ್ಗದ ಸಾಗಣೆ ಬೇರಿಲ್ಲ. ಪ್ರಯಾಣಿಕರ ಲಗೇಜಿಗೆ ನಿಗದಿತ ಮಿತಿಯೊಳಗೆ ಸುಂಕ ವಿನಾಯಿತಿ ಇದೆ. ಅಲ್ಲಿನ ಮನೆಗೇ ಆರ್ಡರ್ ಮಾಡಿ, ದುಡ್ಡು ನೀವೇ ಮುಂಗಡ ಕಟ್ಟಿ. ‘ಬಂದಾಗ ಕೊಡ್ತೀನಿ’ ಎಂದರೆ ಅವರು ತೆಗೆದುಕೊಳ್ಳುವುದಿಲ್ಲ, ನಿಮಗೂ ಮುಜುಗರ. ಸಿಡಿ ಎರಡು ಸರಿ. ಎಲ್‌ಪಿಯ ಹೊದಿಕೆ ಸುಮಾರು 31.5 ಸೆಂಟಿಮೀಟರ್ ಚೌಕ. 35 ಸೆಂಟಿಮೀಟರ್ ಅಗಲದ ಕ್ಯಾಬಿನ್ ಬ್ಯಾಗಿನಲ್ಲಿ ಬಿಗಿಯಾಗಿ ಹಿಡಿಸುತ್ತದೆ. ಆ ಬ್ಯಾಗಿನಲ್ಲಿ ಅವರ ಮಗುವಿನ ಬಟ್ಟೆಗೂ ಜಾಗ ಬೇಕೆಂಬುದು ನೆನಪಿರಲಿ. ಚೆಕ್-ಇನ್ ಪೆಟ್ಟಿಗೆಯಾದರೆ ನಡುವೆ, ಎರಡೂ ಕಡೆ ಬಟ್ಟೆ ಒತ್ತಿ ಇಡಲು ಹೇಳಿ.

15. ಬಂದ ಮೇಲೆ ಬಳಸಿ

ಹೊದಿಕೆ ಬಿಚ್ಚದೆ ಇಟ್ಟರೆ ಬೆಲೆ ಏರುತ್ತದೆ ಎಂಬ ಲೆಕ್ಕಾಚಾರ ಎಲ್ಲೋ ಕೆಲವು ಆಲ್ಬಂಗಳಿಗೆ ನಿಜ. ಲಕ್ಷಗಟ್ಟಲೆ ಒತ್ತಿದ ಆಲ್ಬಂ ನಿವೇಶನವಲ್ಲ. ಬಿಚ್ಚಿ, ಕೇಳಿ, ಪುಸ್ತಿಕೆ ಓದಿ. ಸಿಡಿಯನ್ನು ಮೊದಲ ವಾರದಲ್ಲೇ ಫ್ಲ್ಯಾಕ್ ರೂಪಕ್ಕೆ ಇಳಿಸಿಕೊಳ್ಳಿ. ತಟ್ಟೆಯಲ್ಲಿ ದೋಷವಿದ್ದರೆ ಆಗಲೇ ಗೊತ್ತಾಗುತ್ತದೆ, ಹಿಂದಿರುಗಿಸುವ ಅವಧಿಯೂ ಮುಗಿದಿರುವುದಿಲ್ಲ. ಎಲ್‌ಪಿಯನ್ನು ನೇರ ನಿಲ್ಲಿಸಿ, ಒಂದರ ಮೇಲೊಂದು ಪೇರಿಸಬೇಡಿ, ಬಿಸಿಲು ಬೀಳುವ ಕಿಟಕಿಯ ಬಳಿ ಇಡಬೇಡಿ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಹೊದಿಕೆಗೆ ಬೂಷ್ಟು ಹಿಡಿಯದಂತೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಆಗಾಗ ಬದಲಿಸಿ. ಜಪಾನಿನ ಪ್ರತಿಯ ಬೆನ್ನಿಗೆ ಸುತ್ತಿದ ಕಾಗದದ ಪಟ್ಟಿ ‘ಓಬಿ’ಯನ್ನು ಕಸಕ್ಕೆ ಹಾಕಬೇಡಿ; ಮುಂದೆಂದಾದರೂ ಮಾರುವಾಗ ಅದಿದ್ದರೆ ಬೆಲೆ ಬೇರೆ.

ಕೊನೆಯ ತೀರ್ಪು

ಈಗ ಮೊದಲ ಸೂತ್ರದಲ್ಲಿ ಬರೆದ ಸಾಲಿನ ಎದುರು ಐದನೆಯದರಲ್ಲಿ ಬಂದ ಮೊತ್ತ ಬರೆಯಿರಿ. ‘ಹಾಡು ಬೇಕು’ ಎಂದಿದ್ದರೆ ಡೌನ್‌ಲೋಡ್ ಸಾಕು, ಕಾರ್ಟ್ ಖಾಲಿ ಮಾಡಿ. ‘ಕಲಾವಿದರಿಗೆ ಸಲ್ಲಲಿ’ ಎಂದಿದ್ದರೆ ಅವರ ಸ್ವಂತ ಮಳಿಗೆಗೆ ಹೋಗಿ. ‘ಈ ವಸ್ತುವೇ ಬೇಕು, ಇದೇ ಆವೃತ್ತಿ ಬೇಕು’ ಎಂದಿದ್ದು, ಆ ಮೊತ್ತ ಈ ತಿಂಗಳ ಬಾಡಿಗೆ, ಫೀಸು, ಸಾಲದ ಕಂತು ಯಾವುದನ್ನೂ ಮುಟ್ಟದಿದ್ದರೆ ಇಂಪೋರ್ಟ್ ಪ್ರತಿಯನ್ನೇ ಕೊಳ್ಳಿ. ಕೊಂಡ ಮೇಲೆ ಬೇರೆಡೆ ಎಷ್ಟಕ್ಕೆ ಸಿಗುತ್ತಿತ್ತು ಎಂದು ಹುಡುಕಲು ಹೋಗಬೇಡಿ. ಕೊಳ್ಳದಿದ್ದರೆ, ಕೊಂಡವರ ಮುಂದೆ ನಿಮ್ಮ ಅಭಿಮಾನ ಕಡಿಮೆಯೆಂದು ಕುಗ್ಗಲೂ ಬೇಡಿ. ಆಲ್ಬಮ್ಮಿನ ಎಲ್ಲ ಹಾಡನ್ನೂ ಸಾಲುಸಾಲಾಗಿ ಬಲ್ಲವರಿಗೆ ಕಪಾಟಿನ ಸರ್ಟಿಫಿಕೇಟು ಬೇಕಿಲ್ಲ.